ನೌಕರಿ ಸಿಕ್ಕಿದೆ, ಮೇಜಿನ ಮೇಲೆ ಕೆಲಸ ಮಾತ್ರ ಬರುತ್ತಿಲ್ಲ: ದೃಷ್ಟಿದೋಷವುಳ್ಳ ನೌಕರರು ಏನು ಮಾಡುತ್ತಿದ್ದೀರಿ?

ಮಲೆನಾಡಿನ ಎಸ್‌ಡಿಎ
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿನಿಂದಲೇ ಪೂರ್ಣ ಅಂಧ. ಸ್ಪರ್ಧಾತ್ಮಕ ಪರೀಕ್ಷೆ ಬರೆದು, ಅಂಧರಿಗೆ ಮೀಸಲಾದ ಹುದ್ದೆಗೆ ಆಯ್ಕೆಯಾಗಿ, ದ್ವಿತೀಯ ದರ್ಜೆ ಸಹಾಯಕನಾಗಿ ಜಿಲ್ಲಾ ಮಟ್ಟದ ಒಂದು ಕಚೇರಿಗೆ ಸೇರಿದ್ದೇನೆ. ವರ್ಷ ದಾಟಿತು. ಕಾರ್ಯಹಂಚಿಕೆ ಆದೇಶದಲ್ಲಿ ಉಳಿದವರ ಹೆಸರಿನ ಮುಂದೆ ಆವಕ (ಬರುವ ಪತ್ರ), ಜಾವಕ (ಹೋಗುವ ಪತ್ರ), ಸಿಬ್ಬಂದಿ, ಲೆಕ್ಕಪತ್ರ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನನ್ನ ಹೆಸರಿನ ಮುಂದೆ ಮಾತ್ರ "ಮೇಲಧಿಕಾರಿಗಳು ವಹಿಸುವ ಇತರೆ ಕೆಲಸಗಳು" ಎಂದಿದೆ. ಆ ಇತರೆ ಕೆಲಸ ಇದುವರೆಗೆ ಒಂದೂ ಬಂದಿಲ್ಲ. ಯಾರೂ ಕೆಟ್ಟವರಲ್ಲ. ಚಹಾ ತಂದು ಕೈಗೆ ಕೊಡುತ್ತಾರೆ, ಮಳೆ ಬಂದರೆ ಬಸ್ ನಿಲ್ದಾಣದವರೆಗೆ ಬಿಡುತ್ತಾರೆ. ಕೆಲಸ ಕೇಳಿದರೆ "ನಿಮಗ್ಯಾಕೆ ಸರ್ ತೊಂದರೆ, ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಾರೆ.

ನನಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸಿ ವರ್ಡ್, ಎಕ್ಸೆಲ್, ಇಮೇಲ್ ಎಲ್ಲವೂ ಬರುತ್ತದೆ. ಇದೇ ಸ್ಥಿತಿಯನ್ನು ದಾಟಿ ಬಂದವರು ಮೊದಲ ಕೆಲಸವನ್ನು ಹೇಗೆ ಪಡೆದುಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಕಾನೂನಿನ ಉಪನ್ಯಾಸ ಬೇಡ, ಅದನ್ನು ಪರೀಕ್ಷೆಗಾಗಿ ಓದಿದ್ದೇನೆ.

ತುಂಗಭದ್ರಾ ತೀರ
ಕೂತಲ್ಲಿಗೇ ಸಂಬಳ ಬರುತ್ತಿದೆ. ಇದೂ ಒಂದು ಸಮಸ್ಯೆಯೇ ಸ್ವಾಮಿ?

ಗುಮಾಸ್ತೆಯ ಮಗಳು
ತುಂಗಭದ್ರಾ ತೀರ ಅವರೇ, ಸಮಸ್ಯೆಯೇ ಹೌದು, ಅದೂ ಹಣದ ಲೆಕ್ಕದಲ್ಲಿಯೇ ಹೌದು. ಪರೀಕ್ಷಾರ್ಥ ಅವಧಿ ತೃಪ್ತಿಕರ ಎಂದು ಘೋಷಣೆಯಾಗಬೇಕು, ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಮಾಡಿದ ಕೆಲಸದ ವಿವರ ಬರೆಯಬೇಕು. ಕಡತವನ್ನೇ ಮುಟ್ಟದವರು ಆ ಕಾಲಂನಲ್ಲಿ ಏನೆಂದು ಬರೆಯಬೇಕು? ನಾಳೆ ಬಡ್ತಿಯ ಮಾತು ಬಂದಾಗ "ಅವರಿಗೆ ಅನುಭವವಿಲ್ಲ" ಎನ್ನುವವರು ಇಂದು ಚಹಾ ತಂದುಕೊಡುತ್ತಿರುವವರೇ ಆಗಿರುತ್ತಾರೆ.

ನಿವೃತ್ತ ಆಪರೇಟರ್
ನಾನು ಟೆಲಿಫೋನ್ ಆಪರೇಟರ್ ಆಗಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಅಂಧರಿಗೆಂದು ಇದ್ದ ಉದ್ಯೋಗಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಕುರ್ಚಿಗೆ ಬೆತ್ತ ಹೆಣೆಯುವುದು, ಮೇಣದಬತ್ತಿ ಮಾಡುವುದು, ಸಂಗೀತದ ಮೇಷ್ಟ್ರಾಗುವುದು, ಅದೃಷ್ಟವಿದ್ದರೆ ಟೆಲಿಫೋನ್ ಬೋರ್ಡಿನ ಮುಂದೆ ಕೂರುವುದು. ಬೋರ್ಡಿನ ಮುಂದೆ ಕೂತವನಿಗೆ ಬಿಡುವೇ ಇರುತ್ತಿರಲಿಲ್ಲ. ವಿಸ್ತರಣಾ ಸಂಖ್ಯೆಗಳೆಲ್ಲ ಬಾಯಿಪಾಠವಾಗಿದ್ದವು, ದನಿ ಕೇಳಿಯೇ ಯಾವ ಶಾಖೆಯವರು ಎಂದು ಹೇಳಿಬಿಡುತ್ತಿದ್ದೆವು. ಅನಂತರ ಸ್ವಯಂಚಾಲಿತ ವ್ಯವಸ್ಥೆ ಬಂತು, ಎಲ್ಲರ ಕೈಗೂ ಮೊಬೈಲ್ ಬಂತು, ಬೋರ್ಡು ಮೂಲೆ ಸೇರಿತು. ಹುದ್ದೆ ಹೋಯಿತು, ಅಂಧ ನೌಕರ ಕುರ್ಚಿಯಲ್ಲಿಯೇ ಉಳಿದ. ಸುಮ್ಮನೆ ಕೂರಿಸುವ ಪದ್ಧತಿ ಬೇರೂರಿದ್ದು ಆಗಲೇ ಎಂದು ನನ್ನ ಅನಿಸಿಕೆ.

ಶಾಖಾಧೀಕ್ಷಕ
ನಾನು ಮೇಜಿನ ಆಚೆ ಬದಿಯವನು, ಆದ್ದರಿಂದ ಬೈಗುಳಕ್ಕೆ ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ನನ್ನ ಶಾಖೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಅರ್ಧದಷ್ಟು ಖಾಲಿ ಇವೆ. ಅಂಥ ಕಡೆಗೆ ಅಂಧ ನೌಕರರೊಬ್ಬರು ಬಂದಾಗ ಅವರಿಗೆ ಯಾವ ತಂತ್ರಾಂಶ ಬೇಕು, ಯಾವ ಕೆಲಸ ಕೊಡಬಹುದು ಎಂದು ನೇಮಕಾತಿ ಆದೇಶದೊಂದಿಗೆ ಒಂದು ಸಾಲಿನ ಮಾಹಿತಿಯೂ ಬರುವುದಿಲ್ಲ. ಆವಕ ಕೊಟ್ಟರೆ ಹಳ್ಳಿಯಿಂದ ಕೈಬರಹದಲ್ಲಿ ಬಂದ ಅರ್ಜಿಯನ್ನು ಓದುವವರು ಯಾರು? ಜಾವಕದಲ್ಲಿ ತಪ್ಪು ವಿಳಾಸಕ್ಕೆ ಪತ್ರ ಹೋದರೆ ನೋಟಿಸ್ ಬರುವುದು ನನಗೆ. ಕನಿಕರಕ್ಕಿಂತ ಹೆಚ್ಚಾಗಿ ಈ ಭಯದಿಂದಲೇ ನಾವು ಕೆಲಸ ಕೊಡುವುದಿಲ್ಲ.

ಕಿವಿಯೇ ಕಣ್ಣು
ಶಾಖಾಧೀಕ್ಷಕರೇ, ಬೈಯುವುದಿಲ್ಲ, ಒಂದು ಪ್ರಶ್ನೆ ಕೇಳುತ್ತೇನೆ. ಕಣ್ಣಿದ್ದವರ ಕೈಯಿಂದ ತಪ್ಪು ವಿಳಾಸಕ್ಕೆ ಪತ್ರ ಹೋಗಿಯೇ ಇಲ್ಲವೇ? ಆಗ ಅವರಿಂದ ಜಾವಕವನ್ನು ಶಾಶ್ವತವಾಗಿ ಕಿತ್ತುಕೊಂಡಿರಾ?

ಶಾಖಾಧೀಕ್ಷಕ
ಇಲ್ಲ. ಒಪ್ಪಿದೆ.

ನುಡಿ ಬಿಡಿ
ಎಲ್ಲರೂ ಮನೋಭಾವದ ಬಗ್ಗೆಯೇ ಮಾತನಾಡುತ್ತಿದ್ದೀರಿ, ಯಂತ್ರದ ಒಳಗಿರುವ ಅಡ್ಡಿಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ನಮ್ಮ ಕಚೇರಿಗಳ ಹಳೆಯ ಪತ್ರ, ಸುತ್ತೋಲೆ, ನಡಾವಳಿಗಳಲ್ಲಿ ಬಹುಪಾಲು ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದ "ನುಡಿ 01 ಇ" ಮಾದರಿಯ ಹಳೆಯ ಫಾಂಟಿನಲ್ಲಿವೆ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಅದು ಕನ್ನಡದ ಮುಖವಾಡ ತೊಟ್ಟ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ರೀನ್ ರೀಡರ್ ಫಾಂಟಿನ ಆಕಾರವನ್ನು ನೋಡುವುದಿಲ್ಲ, ಒಳಗಿನ ಸಂಕೇತವನ್ನು ಓದುತ್ತದೆ. "ಕರ್ನಾಟಕ" ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಓದಿಸಿದರೆ ಅದು "ಪಿ, ಎ ಗ್ರೇವ್, ಪೌಂಡ್, ಎ ಅಕ್ಯೂಟ್" ಎಂದು ಶುರು ಮಾಡುತ್ತದೆ. ಒಂದು ಪುಟದ ಸುತ್ತೋಲೆಯನ್ನು ಹೀಗೆ ಕೇಳಿಸಿಕೊಂಡು ನೋಡಿ, ಅಂಧ ನೌಕರ ಏಕೆ "ನಿಧಾನ" ಎನಿಸಿಕೊಳ್ಳುತ್ತಾನೆ ಎಂಬುದು ತಿಳಿಯುತ್ತದೆ.

ಅದೇ ಪತ್ರ ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯುನಿಕೋಡ್ ಸಂಕೇತದಲ್ಲಿದ್ದರೆ ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಅದನ್ನು ಕನ್ನಡವಾಗಿಯೇ ಓದುತ್ತದೆ. ದನಿ ಲೋಹದ ಡಬ್ಬದೊಳಗಿಂದ ಬಂದಂತಿರುತ್ತದೆ ನಿಜ, ಅಭ್ಯಾಸವಾದವರು ಅದನ್ನು ನೀವು ಕಣ್ಣಿನಲ್ಲಿ ಓದುವುದಕ್ಕಿಂತ ವೇಗವಾಗಿ ಓಡಿಸಿ ಕೇಳುತ್ತಾರೆ. ಬೆರಳಚ್ಚು ಮಾಡುವವರಿಗೂ ನಷ್ಟವಿಲ್ಲ, ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆಯಲ್ಲಿ ಯುನಿಕೋಡ್ ಬರೆಯುವ ಆಯ್ಕೆ ನುಡಿಯ ಈಚಿನ ಆವೃತ್ತಿಗಳಲ್ಲಿಯೇ ಇದೆ. ಒಂದು ಆಯ್ಕೆಯನ್ನು ಬದಲಿಸುವ ಸೋಮಾರಿತನಕ್ಕೆ ಒಬ್ಬ ನೌಕರನ ವೃತ್ತಿಜೀವನ ಬಲಿಯಾಗುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ.

ಮಲೆನಾಡಿನ ಎಸ್‌ಡಿಎ
ನುಡಿ ಬಿಡಿ ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮಲ್ಲಿ ಹಳೆಯ ಮಾದರಿ ಪತ್ರವನ್ನೇ ತೆರೆದು, ದಿನಾಂಕ ಮತ್ತು ಹೆಸರು ಬದಲಿಸಿ ಹೊಸ ಪತ್ರ ಮಾಡುತ್ತಾರೆ. ಆದ್ದರಿಂದ ಹಳೆಯ ಫಾಂಟು ಸಾಯುವುದೇ ಇಲ್ಲ. ಮಿಕ್ಕವು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅವು ನನ್ನ ಪಾಲಿಗೆ ಖಾಲಿ ಹಾಳೆಗಳು.

ಸ್ಕ್ಯಾನರ್ ಶೆಟ್ಟರು
ಸ್ಕ್ಯಾನ್ ಮಾಡಿದ ಕನ್ನಡ ಮುದ್ರಿತ ಪುಟಗಳನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಪಠ್ಯವಾಗಿ ಬರುತ್ತದೆ. ನನ್ನ ತಮ್ಮ ಓದಿದ್ದೇ ಹೀಗೆ.

ಕಿವಿಯೇ ಕಣ್ಣು
ಶೆಟ್ಟರೇ, ಪಠ್ಯಪುಸ್ತಕಕ್ಕೆ ಅದು ಸರಿ. ಸರ್ಕಾರಿ ಕಡತವನ್ನು ಸ್ವಂತ ಖಾತೆಗೆ ಏರಿಸಿದರೆ ನಾಳೆ ಅದನ್ನೇ ಹಿಡಿದು ವಿಚಾರಣೆ ನಡೆಸುತ್ತಾರೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವು ಕನ್ನಡವನ್ನು ಗುರುತಿಸುತ್ತದೆ ಮತ್ತು ಕಚೇರಿಯ ಕಂಪ್ಯೂಟರಿನಲ್ಲಿಯೇ, ಅಂತರ್ಜಾಲವಿಲ್ಲದೆ ಕೆಲಸ ಮಾಡುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಆದರೆ ಕಿವಿಗೆ ಆ ತಪ್ಪು ತಕ್ಷಣ ಚುಚ್ಚುತ್ತದೆ. ಕೈಬರಹಕ್ಕೆ ಮಾತ್ರ ಯಾವುದನ್ನೂ ನಂಬುವಂತಿಲ್ಲ. ಅದಕ್ಕೆ ಓದಿ ಹೇಳುವ ಮನುಷ್ಯರೇ ಬೇಕು. ಶಾಖಾಧೀಕ್ಷಕರ ಆ ಒಂದು ಆಕ್ಷೇಪ ನ್ಯಾಯವಾದದ್ದು.

ಗದುಗಿನ ಭಕ್ತ
ಇಷ್ಟೆಲ್ಲ ಕಷ್ಟವೇಕೆ? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು! ಅಂಧರಿಗೆ ಸ್ವರಜ್ಞಾನ ದೇವರು ಕೊಟ್ಟ ವರ. ಕಡತದ ಧೂಳಿಗಿಂತ ಅದು ಮೇಲಲ್ಲವೇ?

ಬಿಳಿಕೋಲು
ಗವಾಯಿಗಳ ಬಗ್ಗೆ ನನಗೂ ನಿಮ್ಮಷ್ಟೇ ಗೌರವವಿದೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಮ್ಮ ವಸತಿನಿಲಯದಲ್ಲಿ ಸಿಹಿ ಹಂಚಿದ್ದೆವು. ಆದರೆ ನನಗೆ ಸ್ವರಜ್ಞಾನ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ನನ್ನ ತಲೆಯ ಮೇಲೆ ಮೊಟಕಿ ಮೊಟಕಿ ಸೋತರು. ನನಗೆ ಬರುತ್ತಿದ್ದದ್ದು ಲೆಕ್ಕ. ಕಣ್ಣಿಲ್ಲದವರಿಗೆಲ್ಲ ಸಂಗೀತ ಬರುತ್ತದೆ ಎಂದು ನಂಬಿದ ಹಿರಿಯರಿಂದಾಗಿ ಪ್ರೌಢಶಾಲೆಯಲ್ಲಿ ನನಗೆ ಗಣಿತವನ್ನೇ ಸರಿಯಾಗಿ ಕಲಿಸಲಿಲ್ಲ. ಉದ್ಯೋಗದ ಅಡ್ಡಿ ಸಂದರ್ಶನದ ದಿನ ಶುರುವಾಗುವುದಲ್ಲ, ಅಲ್ಲಿಂದಲೇ ಶುರುವಾಗುತ್ತದೆ.

ಜಯನಗರದ ಟೆಸ್ಟರ್
ಖಾಸಗಿ ವಲಯದ ಕಥೆಯನ್ನೂ ಕೇಳಿ. ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿರುವ ಪೂರ್ಣ ಅಂಧ ಮಹಿಳೆ. ಸಮರ್ಥನಂ, ಎನೇಬಲ್ ಇಂಡಿಯಾ, ಮಿತ್ರಜ್ಯೋತಿಯಂಥ ಸಂಸ್ಥೆಗಳು ಇಲ್ಲಿರುವುದರಿಂದ ತರಬೇತಿಗೆ ಅಷ್ಟಾಗಿ ಕೊರತೆಯಿಲ್ಲ. ಅಡ್ಡಿ ಬರುವುದು ಆಮೇಲೆ. ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಯಲ್ಲಿ ಕ್ಯಾಮೆರಾದ ಮೂಲಕ ನಿಗಾ ಇಡುವ ವ್ಯವಸ್ಥೆಯಿತ್ತು. ನಾನು ಪರದೆಯ ಕಡೆ ನೋಡುತ್ತಿಲ್ಲ, ಕೋಣೆಯಲ್ಲಿ ಬೇರೆ ದನಿ ಕೇಳುತ್ತಿದೆ ಎಂದು ಅದು ಮತ್ತೆ ಮತ್ತೆ ಎಚ್ಚರಿಸಿ, ಕೊನೆಗೆ ಪರೀಕ್ಷೆಯನ್ನೇ ಮುಚ್ಚಿತು. ಆ ದನಿ ನನ್ನ ಸ್ಕ್ರೀನ್ ರೀಡರಿನದು. ಇನ್ನೊಂದು ಕಡೆ ಸಂದರ್ಶನದಲ್ಲಿ ಜಾವಾಸ್ಕ್ರಿಪ್ಟ್ ಬಗ್ಗೆ ಕೇಳಿದ್ದಕ್ಕಿಂತ "ಊಟದ ಮನೆಗೆ ಹೇಗೆ ಹೋಗುತ್ತೀರಿ, ರಾತ್ರಿ ತಡವಾದರೆ ಮನೆಯವರು ಒಪ್ಪುತ್ತಾರಾ" ಎಂದು ಕೇಳಿದ್ದೇ ಹೆಚ್ಚು.

ಕೊನೆಗೆ ಸಿಕ್ಕಿದ್ದು ಜಾಲತಾಣಗಳು ಅಂಧರ ಬಳಕೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಕೆಲಸ. ಒಳ್ಳೆಯ ಕೆಲಸ, ಸಂಬಳವೂ ಚೆನ್ನಾಗಿದೆ. ಆದರೆ ನನ್ನ ಜೊತೆ ತರಬೇತಿ ಪಡೆದ ಅಂಧರಲ್ಲಿ ಹೆಚ್ಚಿನವರನ್ನು ಇದೇ ಕೆಲಸಕ್ಕೆ ದೂಡಿದ್ದಾರೆ. ನಿವೃತ್ತ ಆಪರೇಟರ್ ಅವರು ಬೆತ್ತದ ಕುರ್ಚಿ ಎಂದರಲ್ಲ, ಇದು ನಮ್ಮ ಕಾಲದ ಬೆತ್ತದ ಕುರ್ಚಿ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಪಡುವಣ
ಮೇಡಂ, ಒಪ್ಪುವುದಿಲ್ಲ. ಅಂಧರಲ್ಲದವರಿಗೆ ಸುಲಭವಾಗಿ ಬಾರದ ಪರಿಣತಿಯೊಂದು ನಿಮ್ಮ ಕೈಯಲ್ಲಿದ್ದು, ಅದಕ್ಕೆ ಮಾರುಕಟ್ಟೆ ಬೆಲೆ ಕೊಡುತ್ತಿದ್ದರೆ ಅದನ್ನು ಬೆತ್ತದ ಕುರ್ಚಿ ಎನ್ನುವುದು ಅನ್ಯಾಯ.

ಜಯನಗರದ ಟೆಸ್ಟರ್
ಪರಿಣತಿಗೆ ಬೆಲೆ ಸಿಗುತ್ತಿರುವುದು ನಿಜ. ಅದೇ ಕಂಪನಿಯ ಲೆಕ್ಕ ವಿಭಾಗಕ್ಕೆ ನಾನು ವರ್ಗಾವಣೆ ಕೇಳಿದರೆ ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಮಂದಬೆಳಕು
ಪೂರ್ಣ ಅಂಧರ ಮಾತಿನ ನಡುವೆ ನಮ್ಮಂಥ ಮಂದದೃಷ್ಟಿಯವರ ಪಾಡು ಬೇರೆಯೇ ಇದೆ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ, ನೇರ ಎದುರಿಗಿರುವುದು ಮಾತ್ರ ಕಾಣುತ್ತದೆ. ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರುವಾಗ ಇಷ್ಟಿರಲಿಲ್ಲ. ಪಕ್ಕದಲ್ಲಿ ನಿಂತು ಕೈಚಾಚಿದ ಗ್ರಾಹಕರಿಗೆ ನಾನು ಕೈ ಕೊಡಲಿಲ್ಲವೆಂದು ಅಹಂಕಾರಿ ಎಂಬ ಹೆಸರು ಬಂದಿದೆ. ನಗದು ಕೌಂಟರ್ ಬೇಡ, ಪರದೆಯ ಅಕ್ಷರ ದೊಡ್ಡದು ಮಾಡಿಕೊಡಿ ಎಂದು ಕೇಳಿದರೆ ಸಾಕು, ಆದರೆ ಕೇಳಿದರೆ ವಿಷಯ ಬಯಲಾಗುತ್ತದೆ, ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಹೆದರಿಕೆಯಿಂದ ಬಚ್ಚಿಟ್ಟುಕೊಂಡಿದ್ದೇನೆ.

ವಕೀಲರ ಕಟ್ಟೆ
ಮೂಲ ಲೇಖಕರು ಉಪನ್ಯಾಸ ಬೇಡ ಎಂದಿದ್ದಾರೆ, ಆದರೆ ಮಂದಬೆಳಕು ಅವರಿಗಾಗಿ ಹೇಳಲೇಬೇಕು. ನಿಮ್ಮದು ಸರ್ಕಾರಿ ಸ್ವಾಮ್ಯದ ಬ್ಯಾಂಕಾದರೆ ಬಚ್ಚಿಡುವ ಅಗತ್ಯವಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 20ನೆಯ ಕಲಮಿನ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಈಗಿನ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು, ಅದೂ ಇಲ್ಲದಿದ್ದರೆ ಹೊಂದುವ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ದೃಷ್ಟಿ ಪ್ರಮಾಣಪತ್ರ ಮಾಡಿಸುವಾಗ ದೃಷ್ಟಿಯ ವಿಸ್ತಾರವನ್ನೂ ಅಳೆಯಲು ಹೇಳಿ. ನಿಮ್ಮ ಕಾಯಿಲೆಯಲ್ಲಿ ಅಕ್ಷರದ ಪಟ್ಟಿಯನ್ನು ಚೆನ್ನಾಗಿಯೇ ಓದಿಬಿಡಬಹುದು, ಆದರೆ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಿದ್ದರೆ ಅದು ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಕಾನೂನಿನ ಪ್ರಕಾರ ಅಂಧತ್ವ.

ಮಂದಬೆಳಕು
ವಿಸ್ತಾರವನ್ನು ಯಾರೂ ಅಳೆದೇ ಇರಲಿಲ್ಲ. ಬಹಳ ಉಪಕಾರವಾಯಿತು.

ತುಂಗಭದ್ರಾ ತೀರ
ಶೇ 3ರಷ್ಟು ಮೀಸಲಾತಿ ಕೊಟ್ಟ ಮೇಲೆ ಇನ್ನೂ ದೂರುವುದು ಸರಿಯೇ? ಕಣ್ಣೇ ಬೇಕಾದ ಕೆಲಸಗಳೂ ಇರುತ್ತವೆ.

ವಕೀಲರ ಕಟ್ಟೆ
ಶೇ 3 ಎಂಬುದು 1995ರ ಕಾಯ್ದೆಯ ಮಾತು. ಈಗಿನ ಕಾಯ್ದೆಯಲ್ಲಿ ಕನಿಷ್ಠ ಶೇ 4, ಅದರಲ್ಲಿ ಅಂಧರು ಮತ್ತು ಮಂದದೃಷ್ಟಿಯವರ ಪಾಲು ಶೇ 1. ಕಣ್ಣೇ ಬೇಕು ಎಂದು ಮೊದಲೇ ತೀರ್ಮಾನಿಸುವ ಅಭ್ಯಾಸಕ್ಕೆ ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ಉತ್ತರ ಕೊಟ್ಟಿದೆ. ದೃಷ್ಟಿದೋಷವುಳ್ಳವರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಟ್ಟಿದ್ದ ಮಧ್ಯಪ್ರದೇಶದ ನಿಯಮವನ್ನು ಅದು ಅಂದು ರದ್ದುಪಡಿಸಿತು. ಸಾಕ್ಷ್ಯವನ್ನು ತೂಗಿ ತೀರ್ಪು ಬರೆಯಬಲ್ಲವರು ಟಪಾಲು ದಾಖಲಿಸಲಾರರೇ?

ಬಿಳಿಕೋಲು
ಪ್ರಾಂಜಲ್ ಪಾಟೀಲ್ ಅವರ ವಿಷಯವೂ ಇಲ್ಲಿ ಪ್ರಸ್ತುತ. ಅವರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಪೂರ್ಣ ಅಂಧರೆಂಬ ಕಾರಣಕ್ಕೆ ರೈಲ್ವೆ ಲೆಕ್ಕಪತ್ರ ಸೇವೆಗೆ ತೆಗೆದುಕೊಳ್ಳಲಿಲ್ಲ. ಮತ್ತೆ ಬರೆದು ಐಎಎಸ್ ಆದರು. ಲೆಕ್ಕಪತ್ರ ನೋಡಲು ಆಗದವರು ಜಿಲ್ಲೆ ನೋಡಿಕೊಳ್ಳಬಹುದಂತೆ!

ಪಡುವಣ
ಸಾಧಕರ ಉದಾಹರಣೆಗಳಿಂದ ಒಂದು ತೊಂದರೆಯಿದೆ. ಅಂಧರು ಐಎಎಸ್ ಆದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಸಾಧಾರಣ ಬುದ್ಧಿಯ, ಸಾಧಾರಣ ಅಂಕದ ಅಂಧರಿಗೆ ಸಾಧಾರಣ ಗುಮಾಸ್ತೆಯಾಗಿ ನೆಮ್ಮದಿಯಿಂದ ಕೆಲಸ ಮಾಡಲು ಜಾಗವಿಲ್ಲ. ಕಣ್ಣಿದ್ದವರಿಗೆ ಆ ಜಾಗ ಧಾರಾಳವಾಗಿದೆ, ನಾನೇ ಅದಕ್ಕೆ ಸಾಕ್ಷಿ.

ಪರೀಕ್ಷಾರ್ಥಿ 27
ಕೆಲಸ ಸಿಕ್ಕವರ ಮಾತಾಯಿತು. ನನಗೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ, ನಾನು ಹೇಳಿದ ಉತ್ತರ ಬರೆಯುವ ಲಿಪಿಕಾರರೇ ಸಿಗುತ್ತಿಲ್ಲ. ನಾನು ಪದವೀಧರ, ಸ್ವಂತ ಲಿಪಿಕಾರರನ್ನು ಕರೆತರುವುದಾದರೆ ಅವರ ವಿದ್ಯಾರ್ಹತೆ ನನಗಿಂತ ಕಡಿಮೆಯಿರಬೇಕು ಎನ್ನುತ್ತಾರೆ. ಪಿಯುಸಿ ಮುಗಿಸಿದ ಹುಡುಗರು ಭಾನುವಾರ ಬರಲು ಒಪ್ಪಿದರೂ ಪಟ್ಟಿ, ನಕ್ಷೆ, ಆಕೃತಿಗಳ ಪ್ರಶ್ನೆ ಬಂದಾಗ ಓದಿ ಹೇಳಲು ತಡವರಿಸುತ್ತಾರೆ. ಗಂಟೆಗೆ ಹತ್ತು ನಿಮಿಷ ಹೆಚ್ಚುವರಿ ಸಮಯ ಅದರಲ್ಲಿಯೇ ಮುಗಿದುಹೋಗುತ್ತದೆ.

ಬಿಳಿಕೋಲು
ತಮ್ಮಾ, ಹತ್ತು ನಿಮಿಷವಲ್ಲ. 2018ರಿಂದಲೂ ಕೇಂದ್ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಎಂದಿದೆ. ಮೂರು ಗಂಟೆಯ ಪರೀಕ್ಷೆಗೆ ಪೂರ್ತಿ ಒಂದು ಗಂಟೆ. ನಿನಗೆ ಹತ್ತೇ ಕೊಟ್ಟಿದ್ದರೆ ಪರೀಕ್ಷಾ ಕೇಂದ್ರದವರಿಗೆ ಆ ಸುತ್ತೋಲೆ ತೋರಿಸಬೇಕಿತ್ತು. ಮುಂದಿನ ಸಲ ಅದರ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗು.

ಗುಮಾಸ್ತೆಯ ಮಗಳು
ಮೂಲ ಪ್ರಶ್ನೆಗೆ ಬರೋಣ. ಮಲೆನಾಡಿನವರಿಗೆ ಇದುವರೆಗೆ ಯಾರೂ ನೇರ ಉತ್ತರ ಕೊಡಲಿಲ್ಲ.

ಕಿವಿಯೇ ಕಣ್ಣು
ನಾನು ಕೊಡುತ್ತೇನೆ, ಏಕೆಂದರೆ ನಾನೂ ಬೇರೊಂದು ಇಲಾಖೆಯಲ್ಲಿ ಅದೇ ಕುರ್ಚಿಯಲ್ಲಿ ಕೂತವನು. "ಏನಾದರೂ ಕೆಲಸ ಕೊಡಿ" ಎಂದು ಕೇಳುವುದನ್ನು ಮೊದಲು ನಿಲ್ಲಿಸಿ. ಹಾಗೆ ಕೇಳಿದಾಗ ಯೋಚಿಸುವ ಹೊರೆ ಅಧಿಕಾರಿಯ ಮೇಲೆ ಬೀಳುತ್ತದೆ, ಅವರು ಅದನ್ನು ಪಕ್ಕಕ್ಕಿಡುತ್ತಾರೆ. ಯಾವ ಕೆಲಸ ಬೇಕು ಎಂದು ನೀವೇ ಹೆಸರಿಸಿ. ನಾನು ಆರಿಸಿಕೊಂಡದ್ದು ಸಿಬ್ಬಂದಿಯ ರಜೆ ಲೆಕ್ಕ. ಗಳಿಕೆ ರಜೆ, ಅರ್ಧ ವೇತನ ರಜೆ, ಪರಿವರ್ತಿತ ರಜೆ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ಹಳೆಯ ವಹಿಯಿಂದ ಅಂಕಿಗಳನ್ನು ಓದಿ ಹೇಳಲು ಒಬ್ಬ ಸಹೋದ್ಯೋಗಿ ಮಧ್ಯಾಹ್ನ ಊಟದ ನಂತರ ಕೂರುತ್ತಿದ್ದರು, ಬದಲಿಗೆ ಅವರ ಟಿಪ್ಪಣಿಗಳನ್ನು ನಾನು ಬೆರಳಚ್ಚು ಮಾಡಿಕೊಡುತ್ತಿದ್ದೆ. ವೇತನ ಬಡ್ತಿಯ ತಿಂಗಳು ಬಂದಾಗ ಯಾರ ಖಾತೆಯಲ್ಲಿ ಎಷ್ಟು ರಜೆ ಎಂದು ವಹಿ ತೆರೆಯದೆ ಹೇಳಬಲ್ಲವನು ಇಡೀ ಕಚೇರಿಯಲ್ಲಿ ನಾನೊಬ್ಬನೇ ಆಗಿದ್ದೆ. ಅನಂತರ ಕಡತಗಳು ತಾವಾಗಿಯೇ ನನ್ನ ಮೇಜಿಗೆ ಬಂದವು.

ಕಚೇರಿಯ ಕಂಪ್ಯೂಟರಿಗೆ ತಂತ್ರಾಂಶ ಹಾಕಲು ಒಪ್ಪದಿದ್ದರೆ, ಎನ್‌ವಿಡಿಎಯನ್ನು ಪೆನ್‌ಡ್ರೈವ್‌ನಿಂದಲೇ ನಡೆಸಬಹುದು ಎಂದು ತಿಳಿಸಿ. ಅದಕ್ಕೆ ಕಾಸು ಖರ್ಚಿಲ್ಲ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಹತ್ತಾರು ಸಾವಿರ ಕೊಡಬೇಕೆಂದು ಕೈಕಟ್ಟಿ ಕೂರುತ್ತಿದ್ದ ಕಾಲ ಹೋಯಿತು. ಎನ್‌ವಿಡಿಎಯನ್ನು ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಅದಕ್ಕೆಂದೇ ಕಟ್ಟಿದ್ದು.

ಶಾಖಾಧೀಕ್ಷಕ
ರಜೆ ಲೆಕ್ಕ ಒಳ್ಳೆಯ ಸಲಹೆ. ನನ್ನ ಕಡೆಯಿಂದ ಇನ್ನೆರಡು ಸೇರಿಸುತ್ತೇನೆ. ಮಾಹಿತಿ ಹಕ್ಕು ಅರ್ಜಿಗಳಿಗೆ 30 ದಿನಗಳ ಗಡುವು ಇರುತ್ತದೆ, ಅದರ ಮೇಲೆ ಕಣ್ಣಿಡಲು ಯಾವ ಕಚೇರಿಯಲ್ಲಿಯೂ ಜನ ಸಿಗುವುದಿಲ್ಲ. ಎರಡನೆಯದು ನ್ಯಾಯಾಲಯ ಪ್ರಕರಣಗಳ ದಿನಾಂಕ ಪಟ್ಟಿ. ಇವೆರಡನ್ನೂ ಯಾರಾದರೂ ಕೇಳಿಕೊಂಡು ಬಂದರೆ ಯಾವ ಅಧೀಕ್ಷಕನೂ ಬೇಡವೆನ್ನಲಾರ.

ಮಲೆನಾಡಿನ ಎಸ್‌ಡಿಎ
ಕಣ್ಣಿಡಲು ಜನ ಸಿಗುವುದಿಲ್ಲ ಎಂದು ನನಗೇ ಹೇಳುತ್ತಿದ್ದೀರಲ್ಲ ಸರ್! (ತಮಾಷೆಗೆ.) ಮಾಹಿತಿ ಹಕ್ಕು ಕೇಳಿ ನೋಡುತ್ತೇನೆ. ಅರ್ಜಿಗಳು ಕೈಬರಹದಲ್ಲಿರುತ್ತವೆ, ಓದಲು ಯಾರನ್ನಾದರೂ ಗೊತ್ತುಮಾಡಬೇಕು. ಮೌಖಿಕವಾಗಿ ಕೇಳಲೋ, ಬರವಣಿಗೆಯಲ್ಲಿ ಕೊಡಲೋ?

ವಕೀಲರ ಕಟ್ಟೆ
ಬರವಣಿಗೆಯಲ್ಲಿ. ಮೂರು ವಿಷಯ ಸಾಕು: ಕಾರ್ಯಹಂಚಿಕೆ ಆದೇಶದಲ್ಲಿ ನಿರ್ದಿಷ್ಟ ವಿಷಯ ವಹಿಸಬೇಕು, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸಲು ಅನುಮತಿಸಬೇಕು, ನಿಮಗೆ ಬರುವ ಪತ್ರಗಳು ಯುನಿಕೋಡ್‌ನಲ್ಲಿರಬೇಕು. ದೂರಿನ ಧಾಟಿ ಬೇಡ. ಉತ್ತರ ಬಾರದಿದ್ದರೆ ಅದೇ 2016ರ ಅಧಿನಿಯಮದ 23ನೆಯ ಕಲಮಿನ ಪ್ರಕಾರ ನಿಮ್ಮ ಇಲಾಖೆಯ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು, ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ಮಾಡಬೇಕು. ಅದರ ನಂತರ ಜಿಲ್ಲಾ ಮಟ್ಟದ ಸಮಿತಿಯಿದೆ.

ನುಡಿ ಬಿಡಿ
ನಿಮ್ಮ ಕಚೇರಿಯಲ್ಲಿ ಹೆಚ್ಚು ಬಳಸುವ ಮಾದರಿ ಪತ್ರಗಳನ್ನು ನನಗೆ ಕಳುಹಿಸಿ, ಹೆಸರು ಮತ್ತು ಕಡತ ಸಂಖ್ಯೆಗಳನ್ನು ಅಳಿಸಿ. ಯುನಿಕೋಡ್‌ಗೆ ಪರಿವರ್ತಿಸಿ ಹಿಂದಿರುಗಿಸುತ್ತೇನೆ. ಬೆರಳಚ್ಚುಗಾರರ ಕಂಪ್ಯೂಟರಿನಲ್ಲಿ ಹಳೆಯವನ್ನು ತೆಗೆದು ಇವನ್ನೇ ಇಡಿಸಿ. ಮಾದರಿ ಬದಲಾದರೆ ಅಭ್ಯಾಸ ತಾನಾಗಿ ಬದಲಾಗುತ್ತದೆ.

ಮಲೆನಾಡಿನ ಎಸ್‌ಡಿಎ
ಖಂಡಿತ ಕಳುಹಿಸುತ್ತೇನೆ. ಮನವಿಯ ಕರಡನ್ನು ಭಾನುವಾರ ಇಲ್ಲಿ ಹಾಕುತ್ತೇನೆ, ದಯವಿಟ್ಟು ತಿದ್ದಿಕೊಡಿ.

ಶಾಖಾಧೀಕ್ಷಕ
ಹಾಕಿ, ನಾನು ನೋಡುತ್ತೇನೆ. ಸಲ್ಲಿಸುವಾಗ ನೇರವಾಗಿ ಅಧಿಕಾರಿಯ ಕೈಗೆ ಕೊಡಬೇಡಿ, ಅದು ಡ್ರಾಯರಿಗೆ ಹೋಗುತ್ತದೆ. ಟಪಾಲಿಗೆ ಕೊಟ್ಟು, ಎರಡನೆಯ ಪ್ರತಿಯ ಮೇಲೆ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ.